ಸೂತಕವಿಲ್ಲ, ಶೋಕವುಂಟು

ಬೇಸಿಗೆಯಲ್ಲಿ ಶಾಲೆಗಳಿಗೆ ರಜೆ ಬಂದೊಡನೆ ಮಕ್ಕಳನ್ನು ಕರೆದುಕೊಂಡು ಬಂಧುಗಳ ಊರಿಗೆ ಹೋಗುವುದು ಸದ್ಭಕ್ತರ ಮನೆಗಳಲ್ಲಿ ರೂಢಿಯಾಗಿರುವುದು. ಇಂತಹ ಪ್ರಯಾಣವು ಗೊತ್ತಾದ ಮೇಲೆ ಮನೆಯ ಹಿರಿಯ ಜೀವವೊಂದು ಲಿಂಗೈಕ್ಯವಾದರೆ ಏನು ಮಾಡತಕ್ಕದ್ದು? ಹೋಗುವುದೋ, ನಿಲ್ಲುವುದೋ? ಪ್ರಶ್ನೆಯು ಸಣ್ಣದಾಗಿ ತೋರಿದರೂ ಅದರೊಳಗೆ ಶರಣಧರ್ಮದ ಮುಖ್ಯ ತತ್ತ್ವವೊಂದು ಅಡಗಿರುವುದರಿಂದ ಭಕ್ತರು ಇದನ್ನು ವಿಚಾರಿಸುವುದು ಯೋಗ್ಯವಾಗಿದೆ.

ಉದಾಹರಣೆಗಾಗಿ ಗದಗ ಸೀಮೆಯ ಒಂದು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ರಜೆಗೆ ಕೆಲವು ದಿನಗಳಿರುವಾಗ ಆ ಮನೆಯ ಆಯಿ ಲಿಂಗೈಕ್ಯಳಾದಳು. ಹಣೆಗೆ ವಿಭೂತಿಯನ್ನು ಧರಿಸಿ, ರುದ್ರಾಕ್ಷಿಯನ್ನು ತೊಡಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿಯೇ ಸಮಾಧಿ ಮಾಡಿದರು. ಶಿವಗಣಾರಾಧನೆಯೂ ಮುಗಿಯಿತು. ಮಗನೂ ಸೊಸೆಯೂ ಮೊಮ್ಮಕ್ಕಳೊಡನೆ ಹೋಗಬೇಕೆಂದಿದ್ದುದು ಮುದ್ದೇಬಿಹಾಳದ ಕಡೆಗೆ, ಆಯಿಯ ಮಗಳ ಮನೆಗೆ. ಆಗ ನೆರೆಯವರೊಬ್ಬರು, “ವರುಷ ತುಂಬುವ ತನಕ ಊರೂರು ತಿರುಗಬಾರದು. ಸೂತಕ ಹೊತ್ತು ಇನ್ನೊಬ್ಬರ ಹೊಸ್ತಿಲು ತುಳಿಯಬಾರದು” ಎಂದರು. ಬಂಧುಗಳಲ್ಲಿ ಹಿರಿಯರಾದ ಮತ್ತೊಬ್ಬರು, “ಲಿಂಗದಲ್ಲಿ ಬೆರೆತವಳಿಗಾಗಿ ಅಳುವುದೇಕೆ? ಕಣ್ಣೀರು ಭಕ್ತಿಗೆ ಕೊರತೆ” ಎಂದು ಹುಡುಗರನ್ನು ಗದರಿಸಿದರು. ಇವೆರಡೂ ಮಾತುಗಳು ಧರ್ಮದ ಹೆಸರಿನಲ್ಲಿಯೇ ಬಂದವು. ಎರಡೂ ಸರಿಯಲ್ಲ.

ಮೊದಲನೆಯದನ್ನು ನೋಡೋಣ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ. ಸೂತಕವೆಂಬ ಶಬ್ದವು ಹೆರುವುದೆಂಬ ಅರ್ಥವುಳ್ಳ ‘ಸೂ’ ಧಾತುವಿನಿಂದ ಹುಟ್ಟಿದ್ದು. ಮೂಲದಲ್ಲಿ ಅದು ಹೆರಿಗೆಯ ಮೈಲಿಗೆಯನ್ನು ಹೇಳುತ್ತಿದ್ದು, ಬಳಿಕ ಮರಣಕ್ಕೂ ಹಬ್ಬಿತು. ಶರಣರು ಇದನ್ನು ನಿರಾಕರಿಸಿದುದು ಬರಿಯ ವಾದಕ್ಕಾಗಿ ಅಲ್ಲ. ಇಷ್ಟಲಿಂಗವು ಹಗಲಿರುಳೂ ಅಂಗವನ್ನು ಬಿಟ್ಟಿರದು. ಪ್ರಾಣ ಹೋದ ಮೇಲೂ ಅದನ್ನು ತೆಗೆದಿಡುವುದಿಲ್ಲ. ಲಿಂಗವಿರುವಲ್ಲಿ ಹೊಲೆಯೆಂಬುದು ಎಲ್ಲಿ ನಿಂತೀತು? ಪೂಜೆಗೊಂಡ ದೇಹವನ್ನು ಸಮಾಧಿಗೆ ಒಯ್ದು ಬಂದವರು ಮೈಲಿಗೆಯವರೆಂದರೆ ಆ ಪೂಜೆಗೆ ಅರ್ಥವೇ ಉಳಿಯುವುದಿಲ್ಲ. ಲಿಂಗ ಕಟ್ಟಿದ ಮನೆಗಳಲ್ಲಿಯೂ ವರುಷದ ಲೆಕ್ಕ ಹಿಡಿದು ಬಾಗಿಲು ಮುಚ್ಚಿ ಕೂರುವವರು ಇನ್ನೂ ಇದ್ದಾರೆ. ಅದು ನೆರೆಹೊರೆಯನ್ನು ನೋಡಿ ಕಲಿತದ್ದೇ ಹೊರತು ವಚನಗಳಿಂದ ಕಲಿತದ್ದಲ್ಲ.

ಹಾಗಾದರೆ ದುಃಖವನ್ನೂ ಬಿಡಬೇಕೇ ಎಂದು ಕೇಳಬಹುದು. ಇಲ್ಲಿಯೇ ಎರಡನೆಯ ತಪ್ಪು ಇರುವುದು. ಸಂಸ್ಕೃತದಲ್ಲಿ ‘ಶುಚಿ’ ಎಂಬುದೂ ‘ಶೋಕ’ ಎಂಬುದೂ ‘ಶುಚ್’ ಎಂಬ ಒಂದೇ ರೂಪದ ಧಾತುವಿನಿಂದ ಬರುವುವು. ವೈಯಾಕರಣರು ಅರ್ಥಭೇದದಿಂದ ಅದನ್ನು ಎರಡಾಗಿ ಎಣಿಸಿರುವರು. ಆದರೂ ಶೋಕಿಸುವವನು ಅಶುಚಿಯೆಂದು ಅವರಾರೂ ಹೇಳಿಲ್ಲ. ಶರಣರು ತಳ್ಳಿಹಾಕಿದುದು ಆಶೌಚವನ್ನು, ಶೋಕವನ್ನಲ್ಲ.

ಇದಕ್ಕೆ ನೀಲಮ್ಮನವರಿಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಬಸವಣ್ಣನವರು ಕೂಡಲಸಂಗಮದಿಂದ ಹಡಪದ ಅಪ್ಪಣ್ಣನವರ ಮೂಲಕ ಕರೆ ಕಳುಹಿಸಲಾಗಿ, ಆ ತಾಯಿ ಕಲ್ಯಾಣದಿಂದ ಹೊರಟು ಕೃಷ್ಣೆಯ ದಡದ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ಮುಟ್ಟಿತೆಂದೂ, ಆಕೆ ಅಲ್ಲಿಯೇ ಐಕ್ಯಳಾದಳೆಂದೂ ಪರಂಪರೆಯು ಹೇಳುವುದು. ‘ಸಂಗಯ್ಯ’ ಎಂಬ ಅಂಕಿತದ ಆಕೆಯ ವಚನಗಳಲ್ಲಿ ಬಸವನಿಲ್ಲದ ಬರಿದಾದ ಬಾಳಿನ ಅಳಲು ಮತ್ತೆ ಮತ್ತೆ ಕೇಳುವುದು. ಐಕ್ಯಸ್ಥಲದ ಅರ್ಥವನ್ನು ಆಕೆಗಿಂತ ಬಲ್ಲವರು ಯಾರು? ಬಲ್ಲವಳಾಗಿಯೂ ಅತ್ತಳು. ಆ ಅಳಲನ್ನು ಶರಣಸಮೂಹವು ಭಕ್ತಿಯ ಕೊರತೆಯೆಂದು ಬಗೆಯದೆ ವಚನವೆಂದೇ ಉಳಿಸಿಕೊಂಡು ಬಂದಿತು. ಹುಡುಗರನ್ನು ಗದರಿಸಿದ ಹಿರಿಯರು ಇದನ್ನು ಒಮ್ಮೆ ಯೋಚಿಸಬೇಕಾಗಿತ್ತು.

ಆದುದರಿಂದ ಆ ಸಂಸಾರವು ಪ್ರಯಾಣ ಮಾಡುವುದರಲ್ಲಿ ದೋಷವಿಲ್ಲ. ಅಷ್ಟೇ ಅಲ್ಲ, ಹೋಗಲೇಬೇಕಾದ ಕಾರಣವೂ ಒಂದುಂಟು. ತಾಯಿ ಹೋದ ಮೇಲೆ ಕೊಟ್ಟ ಹೆಣ್ಣುಮಗಳಿಗೆ ತವರು ಮುಗಿಯಿತೆಂಬ ಅಂಜಿಕೆ ಹುಟ್ಟುವುದು. ಮಣ್ಣು ಕೊಡುವ ದಿನ ಬಂದು ಅತ್ತು, ಗಂಡನ ಮನೆಗೆ ಮರಳಿದವಳು ಒಬ್ಬಳೇ ನೆನೆಯುತ್ತ ಕುಳಿತಿರುವಳು. ಅಣ್ಣನು ಹೆಂಡತಿ ಮಕ್ಕಳೊಡನೆ ಅವಳ ಅಂಗಳಕ್ಕೆ ಬರುವುದೆಂದರೆ ತವರೇ ನಡೆದು ಬಂದಂತೆ.

ಅಲ್ಲಿಂದ ಎಲ್ಲರೂ ಕೂಡಿ ತಂಗಡಗಿಗೂ ಕೂಡಲಸಂಗಮಕ್ಕೂ ಹೋಗಿ ಬರಬಹುದು. ಕೃಷ್ಣಾ ಮಲಪ್ರಭೆಗಳು ಕೂಡುವಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಮೆಟ್ಟಿಲಿಳಿದು ಹೋಗಬೇಕು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಒಳನುಗ್ಗದಂತೆ ಸುತ್ತಲೂ ಗೋಡೆ ಎತ್ತಿರುವರು. ಇಂತಹ ಎಡೆಯಲ್ಲಿ ಮಕ್ಕಳು ಪ್ರಶ್ನೆ ಕೇಳುವುದು ಸಹಜ. “ಆಯಿಯ ಲಿಂಗವನ್ನು ಇನ್ನು ಯಾರು ಪೂಜಿಸುವರು?” ಎಂದು ಮೊಮ್ಮಗಳು ಕೇಳಿದರೆ, “ಆಯಿ ಊರಿಗೆ ಹೋಗಿದ್ದಾಳೆ, ಬರುತ್ತಾಳೆ” ಎಂದು ಸುಳ್ಳಾಡಬಾರದು. ಅದು ಅವಳ ಅಂಗೈಯಲ್ಲಿಯೇ ಅವಳೊಡನೆ ಹೋಯಿತು, ಬೇರೊಬ್ಬರು ಅದನ್ನು ಧರಿಸುವುದಿಲ್ಲ, ಅವಳು ಮರಳಿ ಬರುವುದಿಲ್ಲ ಎಂದೇ ಹೇಳತಕ್ಕದ್ದು. ಮಗು ಅತ್ತರೆ ಅಳಲಿ. ಸ್ವಲ್ಪ ಹೊತ್ತಿಗೆ ಅದೇ ಮಗು ಹೊಳೆಯ ನೀರಿನಲ್ಲಿ ಕಾಲಾಡಿಸುತ್ತ ನಕ್ಕರೆ, ಆಯಿಯನ್ನು ಮರೆತಳೆಂದು ಕಣ್ಣು ಬಿಡಬಾರದು.

ಬರಮಾಡಿಕೊಳ್ಳುವವರ ಹೊಣೆಯೂ ಉಂಟು. ದುಃಖದಲ್ಲಿ ಬಂದವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸುವುದು, ಪೂಜೆಯ ಮನೆಯಿಂದ ದೂರವಿಡುವುದು ಇವು ಸಲ್ಲದು. ಬಂದವರಿಗೆ ಸಿಹಿ ಬೇಡವೆನಿಸಿದರೆ ಒತ್ತಾಯ ಮಾಡುವುದೂ ಸಲ್ಲದು. ರಾತ್ರಿ ಉಂಡ ಮೇಲೆ ಆಯಿಯ ಮಾತು ತೆಗೆದು, ಅವಳು ಹೇಗೆ ರೊಟ್ಟಿ ಬಡಿಯುತ್ತಿದ್ದಳು, ಯಾರ ಮೇಲೆ ಸಿಟ್ಟಾಗುತ್ತಿದ್ದಳು ಎಂಬುದನ್ನೆಲ್ಲ ನೆನೆದು ಮಾತಾಡಿದರೆ ಸಾಕು. ದೊಡ್ಡ ಉಪದೇಶ ಅಂದು ಯಾರಿಗೂ ಬೇಕಾಗಿರುವುದಿಲ್ಲ.

ಆ ವರುಷ ಮಗಳಿಗೆ ಉಡಿ ತುಂಬಬಹುದೇ ಎಂಬುದು ಹೆಣ್ಣುಮಕ್ಕಳಲ್ಲಿ ಬರುವ ಸಂದೇಹ. ಅವಶ್ಯವಾಗಿ ತುಂಬಬಹುದು. ಪ್ರತಿವರುಷ ಆಯಿ ತುಂಬುತ್ತಿದ್ದ ಉಡಿಯನ್ನು ಈಗ ಸೊಸೆಯು ತುಂಬತಕ್ಕದ್ದು. ಗುಳೇದಗುಡ್ಡದ ಖಣವನ್ನೂ ಅಕ್ಕಿ ಕೊಬ್ಬರಿಗಳನ್ನೂ ಊರಿನಿಂದ ಹೊರಡುವಾಗಲೇ ಗಂಟಿನಲ್ಲಿ ಕಟ್ಟಿಕೊಂಡು ಹೋದರೆ ಒಳ್ಳೆಯದು.