ಆಪರೇಷನ್‌ಗೆ ಮುಂಚಿನ ಹದಿನೈದು ದಿನ

ತೂಕ ಇಳಿಸುವ ಆಪರೇಷನ್‌ಗೆ ದಿನ ಗೊತ್ತಾದ ಮೇಲೆ ಹಗಲು ಹೇಗೋ ಕಳೆಯುತ್ತದೆ. ಕಷ್ಟವೆಲ್ಲ ರಾತ್ರಿಯದು. ದೀಪ ಆರಿಸಿ ಮಲಗಿದರೆ ಎದೆ ಢವಢವ ಎನ್ನುತ್ತದೆ, 'ಬೇಡ ಅಂದುಬಿಡಲೇ?' ಎಂದು ಮನಸ್ಸು ಕೇಳುತ್ತದೆ. ನಿಮಗೂ ಹೀಗಾಗುತ್ತಿದ್ದರೆ ಮೊದಲು ಇಷ್ಟು ತಿಳಿಯಿರಿ: ಇದು ಹೇಡಿತನವಲ್ಲ, ಈ ಆಪರೇಷನ್‌ಗೆ ಸಿದ್ಧರಾಗುವ ಬಹುಪಾಲು ಜನರಿಗೆ ಆಗುವಂಥದ್ದೇ. ಭಯವನ್ನು ಓಡಿಸಲು ಹೊರಟರೆ ಅದು ಹೆಚ್ಚುತ್ತದೆ. ಅದನ್ನು ನೂಲಿನ ಗಂಟಿನಂತೆ ಎಳೆ ಎಳೆಯಾಗಿ ಬಿಡಿಸಬೇಕು.

ಮೊದಲ ಎಳೆ, ಒಳಗೆ ಏನು ಮಾಡುತ್ತಾರೆ ಎಂಬುದು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆ. 'ಸ್ಲೀವ್'ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಬಾಳೆಹಣ್ಣಿನ ಆಕಾರದ ಸಪೂರ ಕೊಳವೆಯಷ್ಟನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದ ಭಾಗದಲ್ಲೇ. ಹಾಗಾಗಿ ಹಸಿವೂ ತಗ್ಗುತ್ತದೆ. 'ಬೈಪಾಸ್'ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಎರಡನ್ನೂ ಸಾಮಾನ್ಯವಾಗಿ ಹೊಟ್ಟೆಯ ಮೇಲೆ ನಾಲ್ಕೈದು ಚಿಕ್ಕ ರಂಧ್ರ ಮಾಡಿ, ಕ್ಯಾಮೆರಾ ಒಳಗಿಟ್ಟು ಮಾಡುತ್ತಾರೆ. ಹೆಚ್ಚಿನವರನ್ನು ಅದೇ ದಿನ ಇಲ್ಲವೇ ಮರುದಿನ ಎಬ್ಬಿಸಿ ನಡೆಸುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಆ ನಡಿಗೆ ಬೇಕೇ ಬೇಕು.

ಎರಡನೆಯ ಎಳೆ, 'ನಾನು ಎಚ್ಚರವಾಗದಿದ್ದರೆ?' ಎಂಬುದು. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಹಲವರಿಗೆ ಹೆದರಿಕೆ. ಅಮೆರಿಕದಲ್ಲಿ 4,700ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದ 30 ದಿನಗಳೊಳಗೆ ತೀರಿಕೊಂಡವರು ಸಾವಿರಕ್ಕೆ ಸುಮಾರು ಮೂವರು. ಅಪಾಯ ಇಲ್ಲವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಕ್ತಸ್ರಾವ, ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತ ಹೆಪ್ಪುಗಟ್ಟುವುದು ಇವು ಅಪರೂಪಕ್ಕೆ ಆಗುತ್ತವೆ. ನಿಮ್ಮ ವಯಸ್ಸು, ಹೃದಯ, ಸಕ್ಕರೆ ಕಾಯಿಲೆ ನೋಡಿ ನಿಮ್ಮ ಪಾಲಿನ ಅಪಾಯ ಎಷ್ಟು ಎಂದು ಸರ್ಜನ್ನರನ್ನೇ ಕೇಳಿ. ಉತ್ತರ ಸಿಕ್ಕ ಭಯಕ್ಕೆ ಒಂದು ಅಳತೆ ಇರುತ್ತದೆ. ಕೇಳದೆ ಬಿಟ್ಟ ಭಯಕ್ಕೆ ಅಳತೆಯೇ ಇಲ್ಲ.

ಮೂರನೆಯದು ನಾಚಿಕೆ. 'ಬಾಯಿ ಕಟ್ಟಿದ್ದರೆ ಸಾಕಿತ್ತು, ಇದು ಸುಲಭದ ದಾರಿ' ಎಂದು ನೆಂಟರು ಅನ್ನಬಹುದು. ತೂಕ ಇಳಿಯತೊಡಗಿದಾಗ ದೇಹ ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ ಹಳೆಯ ತೂಕಕ್ಕೇ ಎಳೆಯುತ್ತದೆ. ವರ್ಷಗಟ್ಟಲೆ ಪಥ್ಯ ಮಾಡಿ ಸೋತವರು ಸೋತದ್ದು ಈ ಎಳೆತಕ್ಕೆ. ಅದು ಅವರ ಸೋಮಾರಿತನವಲ್ಲ. ಬೊಜ್ಜು ಒಂದು ರೋಗ, ಆಪರೇಷನ್ ಅದಕ್ಕೆ ಚಿಕಿತ್ಸೆ. ಎಲ್ಲರಿಗೂ ವಿವರಿಸುವ ಹಂಗು ನಿಮಗಿಲ್ಲ. ಮನೆಯ ಒಬ್ಬಿಬ್ಬರಿಗೆ ಪೂರ್ತಿ ಹೇಳಿ, ಉಳಿದವರಿಗೆ 'ಹೊಟ್ಟೆಯ ಆಪರೇಷನ್' ಎಂದರೂ ಸುಳ್ಳಲ್ಲ.

ಇನ್ನು ಪಥ್ಯದ ವಿಷಯ. ಹಲವು ಆಸ್ಪತ್ರೆಗಳಲ್ಲಿ ಕೊನೆಯ ಎರಡು ವಾರ ಅನ್ನ, ಮುದ್ದೆ, ಸಿಹಿ ತಗ್ಗಿಸಿ ಪ್ರೋಟೀನ್ ಹೆಚ್ಚಿರುವ ಆಹಾರ ಕೊಡುತ್ತಾರೆ. ಇದು ಶಿಕ್ಷೆಯಲ್ಲ. ಯಕೃತ್ತಿನ ಎಡಭಾಗ ಜಠರದ ಮೇಲೆ ಮುಚ್ಚಿಕೊಂಡಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಸರ್ಜನ್ನರು ಅದನ್ನು ಪಕ್ಕಕ್ಕೆ ಸರಿಸಿ ಕೆಲಸ ಮಾಡುವುದು ಕಷ್ಟ. ಈ ಪಥ್ಯದಿಂದ ಅದು ಕುಗ್ಗುತ್ತದೆ. ಮೊದಲ ಕೆಲವು ದಿನ ತಲೆನೋವು, ಸಿಡುಕು, ನಿಶ್ಶಕ್ತಿ ಬರಬಹುದು. ಕಾಫಿ ಬಿಟ್ಟಿದ್ದರಂತೂ ಇನ್ನಷ್ಟು. ಹಾಗಾಗಿ ಎಲ್ಲ ಚಡಪಡಿಕೆಯೂ ಭಯದ್ದೇ ಅಂದುಕೊಳ್ಳಬೇಡಿ, ಅರ್ಧ ಪಥ್ಯದ್ದೂ ಇರಬಹುದು. 'ಇನ್ನು ತಿನ್ನೋಕಾಗಲ್ಲ, ಇವತ್ತೊಂದಿನ ಹೋಳಿಗೆ ತಿನ್ನು' ಎಂಬ ಪ್ರೀತಿಯ ಒತ್ತಾಯಕ್ಕೆ ಮಾತ್ರ ಮಣಿಯಬೇಡಿ. ಊಟ ನಿಮ್ಮ ಬಾಳಿನಿಂದ ಹೋಗುತ್ತಿಲ್ಲ. ಕೆಲವು ತಿಂಗಳಲ್ಲಿ ಮನೆಯ ಅಡುಗೆಯನ್ನೇ ಪುಟ್ಟ ಬಟ್ಟಲಿನಲ್ಲಿ, ನಿಧಾನವಾಗಿ ಅಗಿದು ತಿನ್ನುತ್ತೀರಿ.

ಈ ದಿನಗಳಲ್ಲಿ ಕೈಗೆ ಕೆಲಸವಿದ್ದರೆ ಮನಸ್ಸು ನಿಲ್ಲುತ್ತದೆ. ಮೂರು ಕೆಲಸ ಹೇಳುತ್ತೇನೆ.

ಒಂದು, ಉಸಿರು. ಮೂರು ಚೆಂಡುಗಳಿರುವ, ಉಸಿರು ಒಳಗೆಳೆಯುವ ಉಪಕರಣ ಕೊಟ್ಟಿದ್ದರೆ ಹೇಳಿಕೊಟ್ಟಂತೆ ದಿನವೂ ಎಳೆಯಿರಿ. ಅದು ಶ್ವಾಸಕೋಶವನ್ನು ಸಿದ್ಧಗೊಳಿಸುತ್ತದೆ. ರಾತ್ರಿ ಮಲಗುವಾಗ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಬೀಡಿ, ಸಿಗರೇಟು ಇದ್ದರೆ ಪೂರ್ತಿ ನಿಲ್ಲಿಸಿ.

ಎರಡು, ನೋಟ್‌ಬುಕ್. ಹೊಳೆದ ಪ್ರಶ್ನೆಯನ್ನು ಬರೆದು, ಎದುರಿಗೆ ಯಾರನ್ನು ಕೇಳಬೇಕೆಂದು ಬರೆಯಿರಿ: ಸರ್ಜನ್, ಅರಿವಳಿಕೆ ವೈದ್ಯರು, ಡಯೆಟಿಷಿಯನ್, ಮನೆಯವರು. ನೋವಿಗೆ ಏನು ಕೊಡುತ್ತೀರಿ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ? ಸಕ್ಕರೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಯಾವುದನ್ನು ಎಂದು ನಿಲ್ಲಿಸಲಿ? ಇದನ್ನು ನೀವೇ ತೀರ್ಮಾನಿಸಬೇಡಿ, ನಿದ್ದೆ ಮಾತ್ರೆಯನ್ನೂ ನೀವಾಗಿ ನುಂಗಬೇಡಿ. ನಡುರಾತ್ರಿ ಮೊಬೈಲ್‌ನಲ್ಲಿ ಹುಡುಕುವ ಬದಲು ಪ್ರಶ್ನೆ ಪುಟಕ್ಕೆ ಹೋಗಲಿ.

ಮೂರು, ಚೀಲ. ಹಳೆಯ ರಿಪೋರ್ಟು, ಮಾತ್ರೆಗಳ ಪಟ್ಟಿ, ಸಡಿಲ ಬಟ್ಟೆ, ಚಪ್ಪಲಿ. ನಿದ್ದೆಯಲ್ಲಿ ಉಸಿರು ಕಟ್ಟುವವರಾದರೆ ಸಿ-ಪ್ಯಾಪ್ ಯಂತ್ರ. ಎರಡು ದಿನ ಮೊದಲೇ ತುಂಬಿಡಿ.

ಒಂದು ವ್ಯತ್ಯಾಸ ಗಮನಿಸಿ. ಉತ್ತರ ಸಿಕ್ಕ ಮೇಲೆ ತುಸುವಾದರೂ ತಗ್ಗುವುದು ಭಯ. ಎಲ್ಲ ಉತ್ತರ ಸಿಕ್ಕಿಯೂ 'ಇದು ನನಗೆ ಬೇಡ' ಎಂದು ಉಳಿಯುವುದು ಸಂದೇಹ. ಮನೆಯವರ ಒತ್ತಾಯಕ್ಕೆ ಒಪ್ಪಿದವರಲ್ಲಿ ಇದು ಕಾಣಬಹುದು. ಹಾಗಿದ್ದರೆ, ಅಥವಾ ದಿನಗಟ್ಟಲೆ ನಿದ್ದೆ ಇಲ್ಲದಿದ್ದರೆ, ಮನಸ್ಸು ಕುಸಿದಿದ್ದರೆ, ತಂಡಕ್ಕೆ ತಿಳಿಸಿ ಆಪ್ತಸಮಾಲೋಚಕರನ್ನು ಕಾಣಿ. ದಿನ ಮುಂದೂಡುವುದು ಸೋಲಲ್ಲ.

ಕೊನೆಗೆ ಆ ಬೆಳಿಗ್ಗೆ. ಊಟ, ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕೆಂದು ಹೇಳಿರುತ್ತಾರೆ, ಅದನ್ನು ತಪ್ಪಬೇಡಿ. ಥಿಯೇಟರ್ ತಣ್ಣಗಿರುತ್ತದೆ, ಹೊದಿಕೆ ಕೇಳಿ. ಹೆದರಿಕೆಯಾಗುತ್ತಿದೆ ಎಂದು ಅರಿವಳಿಕೆ ವೈದ್ಯರಿಗೆ ನೇರವಾಗಿ ಹೇಳಿ, ಅದಕ್ಕೂ ಅವರ ಬಳಿ ಔಷಧವಿದೆ. ನಿಮ್ಮ ಹೆಸರು, ಯಾವ ಆಪರೇಷನ್ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಮರೆತು ಕೇಳುವುದಲ್ಲ, ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಸುರಕ್ಷತಾ ಪಟ್ಟಿಯಲ್ಲಿ ಇದೂ ಒಂದು. ಅಲ್ಲಿ ಪ್ರಶ್ನೆ ಕೇಳುವುದೇ ಕಾಳಜಿಯ ರೀತಿ. ನೀವೂ ಕೇಳಿ. ಇವತ್ತು ರಾತ್ರಿ ಮಲಗುವ ಮೊದಲು ನೋಟ್‌ಬುಕ್ ತೆಗೆದು, ನಿಮ್ಮನ್ನು ಅತಿ ಹೆಚ್ಚು ಕಾಡುವ ಪ್ರಶ್ನೆಯನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.