ಓದುವ ಸವಾಲು: ಗೆಲ್ಲಬೇಕಾದವರು ಯಾರು?



"ನಮ್ಮ ಮಕ್ಕಳು ಪಾಠದ ಪುಸ್ತಕ ಬಿಟ್ಟು ಬೇರೇನೂ ಓದೋದಿಲ್ಲ, ಯಾವಾಗ ನೋಡಿದ್ರೂ ಮೊಬೈಲ್" ಎಂಬ ದೂರು ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಶಾಲೆಗಳು ಕಂಡುಕೊಂಡಿರುವ ಒಂದು ದಾರಿ 'ಓದುವ ಸವಾಲು'. ಇಷ್ಟು ದಿನದಲ್ಲಿ ಇಷ್ಟು ಪುಸ್ತಕ ಓದುತ್ತೇನೆಂದು ಮಗು ಒಪ್ಪಿಕೊಂಡು, ಓದಿದ್ದನ್ನು ಒಂದು ಕಾರ್ಡಿನಲ್ಲಿ ಬರೆದಿಡುತ್ತದೆ. ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ 1999ರಿಂದ ಬೇಸಿಗೆ ರಜೆಯಲ್ಲಿ ಇಂಥ ಸವಾಲು ನಡೆಯುತ್ತಿದೆ. ಅಲ್ಲಿನ ಸಾಮಾನ್ಯ ಗುರಿ 6 ಪುಸ್ತಕ. ಪುಸ್ತಕವನ್ನು ಆರಿಸಿಕೊಳ್ಳುವುದು ಮಗುವೇ.

ಸವಾಲು ಯಾರಿಗಾಗಿ?

ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಅಂತ ಘೋಷಿಸಿದರೆ ಗೆಲ್ಲುವವರು ಯಾರೆಂದು ಮೊದಲೇ ಹೇಳಬಹುದು. ಮನೆಯಲ್ಲಿ ಪುಸ್ತಕವಿರುವ, ಈಗಾಗಲೇ ಸರಾಗವಾಗಿ ಓದುವ ಮಗು. ಕಾಗುಣಿತದಲ್ಲೇ ನಿಂತಿರುವ, ಒತ್ತಕ್ಷರ ಬಂದಲ್ಲೆಲ್ಲ ಎಡವುವ ಮಗುವಿಗೆ ಅದು ಸೋಲಲು ಇನ್ನೊಂದು ಜಾಗ ಅಷ್ಟೆ. ಐದನೇ ತರಗತಿಗೆ ಬಂದರೂ ಓದಲಾಗದ ಮಗು ಹಿಂದಿನ ಸಾಲಿನಲ್ಲಿ ಅಡಗಿಕೊಳ್ಳುತ್ತದೆ. ಓದುವ ಸರದಿ ಬಂದ ದಿನ ಹೊಟ್ಟೆನೋವು ಎನ್ನುತ್ತದೆ. ನಿಧಾನವಾಗಿ ಶಾಲೆ ತಪ್ಪಿಸುತ್ತದೆ, ಆಮೇಲೆ ಬಿಟ್ಟೇ ಬಿಡುತ್ತದೆ. ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋದಾಗ ಬಡತನವೇ ಕಾರಣ ಎನ್ನುತ್ತಾರೆ. ಬಡತನ ಇರುವುದು ನಿಜ. ಆದರೆ ಓದಲಾಗದ ನಾಚಿಕೆಯೂ ಅದರ ಜೊತೆಗಿರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಸವಾಲು ಪಕ್ಕದ ಮಗುವಿನ ಜೊತೆ ಬೇಡ. ಪ್ರತಿ ಮಗು ತಾನು ನಿನ್ನೆ ಇದ್ದಲ್ಲಿಂದ ಮುಂದೆ ಹೋಗಲಿ.

ನಡೆಸುವುದು ಹೇಗೆ?

1. ಅವಧಿ 4 ವಾರ ಸಾಕು. ಪರೀಕ್ಷೆಯ ಮತ್ತು ಕೊಯ್ಲಿನ ದಿನಗಳನ್ನು ಬಿಟ್ಟು ತಿಂಗಳು ಆರಿಸಿ. ದಿನಕ್ಕೆ 15 ನಿಮಿಷ ಓದು.

2. ಶುರು ಮಾಡುವ ಮೊದಲು ಶಿಕ್ಷಕರು ಪ್ರತಿ ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು 5 ನಿಮಿಷ ಓದಿಸಿ ಕೇಳಲಿ. ಅಂಕ ಬೇಡ.

3. ಗುರಿ ಎಲ್ಲರಿಗೂ ಒಂದೇ ಆಗದಿರಲಿ. ಸರಾಗವಾಗಿ ಓದುವ ಮಗುವಿಗೆ 6 ಕಥೆ ಪುಸ್ತಕ. ತಡವರಿಸುವ ಮಗುವಿಗೆ ಒಂದೊಂದು ಪುಟದಲ್ಲಿ ಎರಡು ಮೂರು ಸಾಲಿರುವ 3 ಚಿತ್ರಪುಸ್ತಕ. ಅಕ್ಷರ ಕೂಡಿಸಲು ಕಲಿಯುತ್ತಿರುವ ಮಗುವಿಗೆ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿ ಸರಾಗ ಮಾಡಿಕೊಳ್ಳುವುದೇ ಗುರಿ.

4. ಕಾರ್ಡಿನಲ್ಲಿ ನಾಲ್ಕು ಅಂಕಣ ಸಾಕು: ದಿನಾಂಕ, ಪುಸ್ತಕ, ಪುಟ, ಕೇಳಿದವರ ಸಹಿ.

5. ಶನಿವಾರ ಅರ್ಧ ಗಂಟೆ 'ಹೇಳುವ ಸಮಯ'. ಮಗು ತನಗೆ ಇಷ್ಟವಾದ ಪುಟವನ್ನು ಗೆಳೆಯರಿಗೆ ತೋರಿಸಿ ಹೇಳಲಿ. ಪ್ರಶ್ನೋತ್ತರ ಬರೆಸಬೇಡಿ. ಬರೆಸಿದರೆ ಅದು ಮತ್ತೆ ಪಾಠವಾಗುತ್ತದೆ.

ಪುಸ್ತಕ ಎಲ್ಲಿಂದ?

ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳನ್ನು ಮೊದಲು ಹೊರಗೆ ತೆಗೆಯಿರಿ. ಹರಿದೀತೆಂಬ ಭಯ ಬೇಡ. ಓದಿ ಹರಿದ ಪುಸ್ತಕ ಗೆದ್ದಲು ತಿಂದ ಪುಸ್ತಕಕ್ಕಿಂತ ಮೇಲು. ನಮ್ಮ ರಾಜ್ಯದಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ ಮಕ್ಕಳ ಹೆಸರು ಬರೆಸಿ. ಮೊಬೈಲ್ ಇರುವ ಮನೆಯಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನಲ್ಲಿ ಕನ್ನಡ ಕಥೆಗಳು ಹಣವಿಲ್ಲದೆ ಸಿಗುತ್ತವೆ. ಓದಲು ಎಷ್ಟು ಸುಲಭವೋ ಅದಕ್ಕೆ ತಕ್ಕಂತೆ ಅಲ್ಲಿ ಹಂತಗಳನ್ನೂ ಮಾಡಿದ್ದಾರೆ.

ಬಹುಮಾನದ ಬಗ್ಗೆ ಎಚ್ಚರ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಒಂದು ಶಿಶುವಿಹಾರದಲ್ಲಿ ಮಾಡಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಚಿತ್ರ ಬರೆಯಲು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿದರು. ಬಹುಮಾನ ಮುಗಿದ ಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಉಳಿದವರಿಗಿಂತ ಕಡಿಮೆಯಾಯಿತು. ಓದಿಗೂ ಈ ಎಚ್ಚರ ಬೇಕು. ಪೆನ್ನು, ಡಬ್ಬಿ, ನಗದು ಬೇಡ. ತನ್ನ ಗುರಿ ಮುಟ್ಟಿದ ಪ್ರತಿ ಮಗುವಿನ ಹೆಸರನ್ನೂ ಪ್ರಾರ್ಥನಾ ಸಭೆಯಲ್ಲಿ ಓದಿ ಹೇಳಿ. ಕೊಡಲೇಬೇಕೆಂದರೆ ಎಲ್ಲರಿಗೂ ಒಂದೊಂದು ಪುಸ್ತಕ ಕೊಡಿ.

ಓದು ಬಾರದ ತಾಯಿಯೂ ಗುರುವೇ

"ಸಿಸ್ಟರ್, ನನಗೇ ಓದೋಕೆ ಬರಲ್ಲ, ಮಗನಿಗೆ ಏನು ಹೇಳಿಕೊಡ್ಲಿ?" ಎಂದು ಎಷ್ಟೋ ತಾಯಂದಿರು ಕೇಳುತ್ತಾರೆ. ಹೇಳಿಕೊಡುವುದು ಬೇಡ ಅಮ್ಮಾ, ಕೇಳಿದರೆ ಸಾಕು. ರಾತ್ರಿ ರೊಟ್ಟಿ ತಟ್ಟುವಾಗ, ಬೀಡಿ ಕಟ್ಟುವಾಗ, ಹೂ ಕಟ್ಟುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಆಮೇಲೆ ಏನಾಯ್ತು?" ಅಂತ ಕೇಳಿ. ಟಿವಿ 15 ನಿಮಿಷ ಬಂದ್ ಮಾಡಿ. ಮಗು ತಡವರಿಸಿದಾಗ ಬೈಯಬೇಡಿ, ಅಣ್ಣ-ಅಕ್ಕನ ಜೊತೆ ಹೋಲಿಸಬೇಡಿ. ಕೊನೆಗೆ ಕಾರ್ಡಿಗೆ ನೀವೇ ಸಹಿ ಹಾಕಿ. ಸಂಘದ ಪುಸ್ತಕದಲ್ಲಿ ಸಹಿ ಹಾಕಲು ಕಲಿತ ಕೈಗೆ ಇದು ಇನ್ನೊಂದು ಒಳ್ಳೆಯ ಕೆಲಸ.

ನಾಲ್ಕು ವಾರ ಮುಗಿದಾಗ ಎಷ್ಟು ಪುಸ್ತಕ ಓದಿದರು ಎಂದು ಮಾತ್ರ ಎಣಿಸಬೇಡಿ. ಐದನೇ ವಾರ, ಯಾರೂ ಹೇಳದೆ, ಎಷ್ಟು ಮಕ್ಕಳು ಪುಸ್ತಕ ಕೇಳಿಕೊಂಡು ಬಂದರು ಎಂದು ನೋಡಿ. ಸವಾಲು ಗೆದ್ದಿತೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ.

ಸಂಘದಲ್ಲಿ ಚರ್ಚೆಗೆ

1. ನಮ್ಮ ಊರಿನಲ್ಲಿ ಐದನೇ ತರಗತಿ ದಾಟಿದರೂ ಸರಾಗವಾಗಿ ಓದಲಾಗದ ಮಕ್ಕಳು ಯಾರಿದ್ದಾರೆ? ಅವರ ಹೆಸರನ್ನು ಸಭೆಯಲ್ಲಿ ಹೇಳದೆ ಹೇಗೆ ನೆರವಾಗಬಹುದು?
2. ಪಂಚಾಯಿತಿ ಗ್ರಂಥಾಲಯ ಎಷ್ಟು ಹೊತ್ತಿಗೆ ತೆರೆಯುತ್ತದೆ? ಮಕ್ಕಳಿಗೆ ಆ ಹೊತ್ತು ಅನುಕೂಲವೇ?
3. ದಿನಕ್ಕೆ 15 ನಿಮಿಷ ಮಕ್ಕಳ ಓದು ಕೇಳಲು ನಮ್ಮಲ್ಲಿ ಯಾರು ಯಾರು ಸಿದ್ಧರಿದ್ದೇವೆ?