ಬಾಡಿಗೆಯಿಲ್ಲದ ಮನೆಯ ಬಡ್ಡಿ

ಶಿವಮೊಗ್ಗದ ವಿನೋಬನಗರದಲ್ಲಿ, ಲಿಫ್ಟು, ಸಂಪು, ಕಾವಲುಗಾರ ಮೊದಲಾದ ಸೌಕರ್ಯಗಳಿಂದ ಕೂಡಿದ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ, ಅಳತೆಯಲ್ಲಾಗಲಿ ಗಾಳಿಬೆಳಕಿನಲ್ಲಾಗಲಿ ಒಂದಕ್ಕೊಂದು ಕಿಂಚಿತ್ತೂ ಕಡಿಮೆಯಿಲ್ಲದ ಎರಡು ಮನೆಗಳು ಎದುರುಬದುರಾಗಿ ಏಕಕಾಲದಲ್ಲಿ ಖಾಲಿಯಿದ್ದುವು. ಒಂದಕ್ಕೆ 1 ಲಕ್ಷ ರೂಪಾಯಿ ಮುಂಗಡ, ತಿಂಗಳಿಗೆ 12,000 ಬಾಡಿಗೆ, ವರ್ಷಕ್ಕೆ ಶೇಕಡಾ 5ರ ಏರಿಕೆ. ಮತ್ತೊಂದಕ್ಕೆ 9 ಲಕ್ಷ ಕೊಟ್ಟರೆ ಮೂರು ವರ್ಷಗಳ ಭೋಗ್ಯ, ಎಂದರೆ ಬಾಡಿಗೆಯಿಲ್ಲ, ಅವಧಿ ಮುಗಿದಾಗ ಆ ಹಣವೂ ವಾಪಸು. ಭೋಗ್ಯಕ್ಕೆ ಸಾಲುವಷ್ಟು ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ ಇದ್ದಾಗ್ಯೂ ನಾನು ಬಾಡಿಗೆಯ ಮನೆಯನ್ನೇ ಹಿಡಿದೆ. “ಭಾವ, ಬಾಡಿಗೆ ಕಟ್ಟೋದು ಅಂದ್ರೆ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ” ಎಂದು ನನ್ನ ಭಾವಮೈದುನನು ಹಬ್ಬಹುಣ್ಣಿಮೆಗಳಲ್ಲಿ ಈಗಲೂ ಜ್ಞಾಪಿಸುತ್ತಿರುತ್ತಾನೆ. ಆತನ ಗಣಿತದಲ್ಲಿ ದೋಷವಿಲ್ಲ. ಆದಕಾರಣ ಮೊದಲು ಆ ಗಣಿತವನ್ನೇ ಸಾವಧಾನವಾಗಿ ಮಾಡಿ ನೋಡುವುದು ಯುಕ್ತ.

ಎರಡು ಮಾರ್ಗಗಳಲ್ಲಿಯೂ ಕೈಯಿಂದ ಹೋಗುವ ಇಡುಗಂಟಿನ ಅಂತರ 8 ಲಕ್ಷ. ಅದನ್ನು ಶೇಕಡಾ 7ರ ಠೇವಣಿಯಲ್ಲಿರಿಸಿದರೆ ವರ್ಷಕ್ಕೆ 56,000, ಮೂರು ವರ್ಷಕ್ಕೆ 1,68,000 ಬಡ್ಡಿ. ಚಕ್ರಬಡ್ಡಿಯ ಅಲ್ಪಲಾಭವನ್ನು ಆದಾಯತೆರಿಗೆಯು ನುಂಗಿಹಾಕುವುದರಿಂದ ಅದನ್ನು ಎಣಿಸಬೇಕಾಗಿಲ್ಲ. ಬಾಡಿಗೆಯೋ, ಮೊದಲನೆಯ ವರ್ಷ 1,44,000, ಎರಡನೆಯ ವರ್ಷ 1,51,200, ಮೂರನೆಯ ವರ್ಷ 1,58,760, ಒಟ್ಟು 4,53,960. ಅದರಿಂದ ಬಡ್ಡಿಯನ್ನು ಕಳೆದರೆ ಉಳಿಯುವುದು 2,85,960. ಹಳೆಯ ತೆರಿಗೆಪದ್ಧತಿಯಲ್ಲಿರುವವರಿಗೆ ಎಚ್‌ಆರ್‌ಎ ವಿನಾಯಿತಿಯಿಂದ ಈ ಮೊತ್ತ ಕೊಂಚ ಇಳಿದೀತು. ಹೊಸ ಪದ್ಧತಿಯವನಾದ ನನಗೆ ಆ ಸಮಾಧಾನವೂ ಇಲ್ಲ. ಭೋಗ್ಯವನ್ನು ನಿರಾಕರಿಸಿದ್ದಕ್ಕಾಗಿ ನಾನು ತಿಂಗಳಿಗೆ ಹೆಚ್ಚುಕಡಿಮೆ 8,000 ರೂಪಾಯಿಗಳಂತೆ ತೆರುತ್ತಿದ್ದೇನೆಂಬುದು ನಿಸ್ಸಂದೇಹ.

ಆದರೆ ಇದೇ ಲೆಕ್ಕವನ್ನು ಎದ್ದುಹೋಗಿ ಮನೆಯ ಯಜಮಾನರ ಕುರ್ಚಿಯಲ್ಲಿ ಕುಳಿತು ಮತ್ತೊಮ್ಮೆ ಮಾಡಬೇಕು. ಭೋಗ್ಯ ಹಿಡಿಯುವವರು ಮಾಡದಿರುವುದು ಇಷ್ಟೆ. ಯಜಮಾನರ ಕೈಗೆ ಹೆಚ್ಚಾಗಿ ಬರುವುದು 8 ಲಕ್ಷ. ಅದಕ್ಕಾಗಿ ಅವರು ಬಿಟ್ಟುಕೊಡುವುದು ಮೊದಲನೆಯ ವರ್ಷವೇ 1,44,000ದ ಬಾಡಿಗೆಯನ್ನು. ಎಂದರೆ ಶೇಕಡಾ 18ರ ಬಡ್ಡಿ. ಏರಿಕೆಯನ್ನೂ ಸೇರಿಸಿದರೆ ಸರಾಸರಿ ಶೇಕಡಾ 19ರ ಸಮೀಪ. ಸ್ವಂತ ಮನೆಯ ಪತ್ರಗಳನ್ನು ಆಧಾರವಾಗಿ ಕೊಟ್ಟರೆ ಬ್ಯಾಂಕು ಇದರ ಅರ್ಧದಷ್ಟು, ಅಥವಾ ಅದಕ್ಕಿಂತ ತುಸು ಹೆಚ್ಚು ಬಡ್ಡಿಗೆ ಸಾಲ ಕೊಡುವ ಈ ಕಾಲದಲ್ಲಿ, ಶೇಕಡಾ 18 ತೆರಲು ಸಿದ್ಧನಾದ ಗೃಹಸ್ಥನು ಯಾರು? ಬ್ಯಾಂಕಿನಿಂದ ಇನ್ನು ಕೊಡುವುದಿಲ್ಲವೆಂದು ಹೇಳಿಸಿಕೊಂಡವನು, ಅಥವಾ ಆ ಪತ್ರಗಳನ್ನು ಈಗಾಗಲೇ ಬ್ಯಾಂಕಿಗೆ ಕೊಟ್ಟು ಬಂದವನು. ಭೋಗ್ಯದಾರನು ತನ್ನನ್ನು ಬಾಡಿಗೆಯಿಲ್ಲದೆ ವಾಸಿಸುವ ಭಾಗ್ಯವಂತನೆಂದು ಭಾವಿಸಿಕೊಂಡಿದ್ದರೂ, ವಸ್ತುತಃ ಬ್ಯಾಂಕು ಒಲ್ಲೆನೆಂದ ಸಾಲಗಾರನಿಗೆ ಆಧಾರವಿಲ್ಲದೆ ಸಾಲ ಕೊಟ್ಟ ಸಾಹುಕಾರನಾಗಿರುತ್ತಾನೆ.

ನಮ್ಮಂಥ ಊರುಗಳಲ್ಲಿ ಭೋಗ್ಯದ ಫಲಕಗಳು ಕಾಣುವುದಕ್ಕೆ ಕಾರಣವೂ ಇದರಲ್ಲಿಯೇ ಅಡಗಿದೆ. ವೈದ್ಯಕೀಯ ಕಾಲೇಜುಗಳು, ವರ್ಗವಾಗಿ ಬರುವ ನೌಕರರು, 2023ರಲ್ಲಿ ಸೋಗಾನೆಯಲ್ಲಿ ಆರಂಭವಾದ ವಿಮಾನನಿಲ್ದಾಣ, ಇವುಗಳನ್ನೆಲ್ಲ ತೋರಿಸಿ ಬಾಡಿಗೆ ಗಗನಕ್ಕೇರುವುದೆಂದು ದಲ್ಲಾಳಿಗಳು ಹೇಳುತ್ತಾರೆ. ಅದನ್ನು ನಂಬಿ 50 ಲಕ್ಷದ ಮನೆಯನ್ನು 40 ಲಕ್ಷದ ಸಾಲದಿಂದ ಕೊಂಡವನಿಗೆ ಶೇಕಡಾ 8.5ರಂತೆ ಇಪ್ಪತ್ತು ವರ್ಷಗಳ ಕಂತು ಸುಮಾರು 34,700; ಬರುವ ಬಾಡಿಗೆ 12,000. ಮನೆಯ ಬೆಲೆಗೆ ಹೋಲಿಸಿದರೆ ಬಾಡಿಗೆಯ ಉತ್ಪತ್ತಿ ಶೇಕಡಾ 3ನ್ನೂ ಮುಟ್ಟುವುದಿಲ್ಲ. ಕಂತಿನ ಭಾರದಿಂದ ಬಳಲಿದವನ ಕಣ್ಣಿಗೆ 9 ಲಕ್ಷದ ಭೋಗ್ಯವು ವರಪ್ರಸಾದವಾಗಿ ಕಂಡರೆ ಅವನನ್ನು ದುಷ್ಟನೆನ್ನಲಾಗದು. ಆದರೆ ಆ ಹಣ ಹಳೆಯ ಕಂತುಗಳಿಗೆ ಕರಗಿಹೋದ ಮೇಲೆ ಮೂರು ವರ್ಷಗಳ ತುದಿಯಲ್ಲಿ ಹಿಂದಿರುಗಿಸುವುದು ಎಲ್ಲಿಂದ? ಮುಂದಿನ ಭೋಗ್ಯದಾರನು ದೊರೆತರೆ ಅವನಿಂದ.

ಕಾನೂನು ರಕ್ಷಿಸುವುದೆಂಬ ಧೈರ್ಯವೂ ಬೇಡ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 65-ಎ ಪ್ರಕರಣದಂತೆ, ಅಡಮಾನವಿಟ್ಟ ಮನೆಯನ್ನು ಯಜಮಾನನು ಗುತ್ತಿಗೆಗೆ ಕೊಡಬೇಕಾದರೆ ನ್ಯಾಯವಾಗಿ ದೊರೆಯಬಹುದಾದ ಉತ್ತಮ ಬಾಡಿಗೆಯನ್ನು ನಿಗದಿಮಾಡತಕ್ಕದ್ದು, ಮುಂಗಡವಾಗಿ ಬಾಡಿಗೆಯನ್ನು ಪಡೆಯತಕ್ಕದ್ದಲ್ಲ. ಬಾಡಿಗೆಯೇ ಇಲ್ಲದ ಭೋಗ್ಯವು ಈ ನಿಯಮದ ಮುಂದೆ ಹೇಗೆ ನಿಂತೀತು! 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಬಾಕಿಸಾಲಕ್ಕಾಗಿ ಮನೆಯ ಸ್ವಾಧೀನಕ್ಕೆ ಬಂದಾಗ, ಹನ್ನೊಂದು ತಿಂಗಳಿಗೆಂದು ಬರೆದು ನೋಂದಾಯಿಸದೆ ಬಿಟ್ಟ ಕರಾರುಪತ್ರವನ್ನು ಹಿಡಿದುಕೊಂಡ ಭೋಗ್ಯದಾರನ ಪಾಡು ಶೋಚನೀಯ. ಪತ್ರಗಳನ್ನು ಬ್ಯಾಂಕಿನಲ್ಲಿರಿಸಿ ಪಡೆದ ಸಾಲವು ಋಣಭಾರ ಪ್ರಮಾಣಪತ್ರದಲ್ಲಿ (ಇಸಿ) ಕಾಣದೆಯೂ ಇರಬಹುದಾದ್ದರಿಂದ, ‘ಇಸಿ ಕ್ಲೀನ್ ಇದೆ ಸಾರ್’ ಎಂಬ ದಲ್ಲಾಳಿಯ ಅಭಯವಚನವನ್ನು ಕೇಳಿದಾಗಲೆಲ್ಲ ನನಗೆ ಸಹನೆ ತಪ್ಪುತ್ತದೆ. ಎದುರುಮನೆಯವರು ಸಹ ನನಗೆ ಕೊಟ್ಟದ್ದು ಕ್ರಯಪತ್ರದ ಜೆರಾಕ್ಸನ್ನು. ಮೂಲಪ್ರತಿಯನ್ನು ನೋಡಬಹುದೆ ಎಂದು ಕೇಳಿದಾಗ ‘ಊರಿನ ಬೀರುವಿನಲ್ಲಿದೆ’ ಎಂಬ ಉತ್ತರ ಬಂತು. ಇದ್ದರೂ ಇದ್ದೀತು, ನಾನು ಊರಿಗೆ ಹೋಗಿ ನೋಡಲಿಲ್ಲ.

ಬಾಡಿಗೆಯನ್ನೇ ಆರಿಸಿದ ನನ್ನ ನಿರ್ಧಾರಕ್ಕೆ ಒಂದು ಸಮರ್ಥವಾದ ಆಕ್ಷೇಪಣೆಯುಂಟು. 8 ಲಕ್ಷವನ್ನು ಕಾಪಾಡುವುದಕ್ಕೆ 2,86,000 ತೆತ್ತವನು, ಮೂರು ಭೋಗ್ಯಗಳಲ್ಲಿ ಒಂದಾದರೂ ಮುಳುಗುವಂತಿದ್ದರೆ ಮಾತ್ರ ಜಾಣನು. ಅಷ್ಟೊಂದು ಮುಳುಗುವುದಿಲ್ಲ, ಹಣ ತಡವಾಗಿಯಾದರೂ ಬರುತ್ತದೆ, ಬರುವವರೆಗೆ ಮನೆಯಲ್ಲಿ ಕುಳಿತಿರಬಹುದು, ಎಂದು. ನೂರು ಭೋಗ್ಯಗಳನ್ನು ಹಿಡಿಯಬಲ್ಲ ಧನಿಕನಿಗೆ ಈ ವಾದ ಒಪ್ಪುತ್ತದೆ. ಆಯುಷ್ಯದ ಉಳಿತಾಯವೆಲ್ಲ ಒಂದೇ ಭೋಗ್ಯಕ್ಕೆ ಹೋಗುವ ಸಂಸಾರಿಗೆ ಸರಾಸರಿಯೆಂಬುದಿಲ್ಲ. ಅವನ ಪಾಲಿಗೆ ಹಣ ಬಂದರೆ ಪೂರ್ಣ ಬಂತು, ಹೋದರೆ ಮಗಳ ಕಾಲೇಜೂ ಹೋಯಿತು.

ಇನ್ನು, ಭೋಗ್ಯದಿಂದ ಉಳಿದ ಬಾಡಿಗೆಯನ್ನು ಕೂಡಿಟ್ಟವರನ್ನು ನಾನು ಕಂಡದ್ದು ವಿರಳ. ಕೊಡಬೇಕಾದ 12,000ವನ್ನು ಕೊಡದಿದ್ದಾಗ ಅದು ಸದ್ದಿಲ್ಲದೆ ಹೊಸ ಕಾರಿನ ಕಂತಾಗಿ ಪರಿಣಮಿಸುತ್ತದೆ. ತಿಂಗಳ ಮೊದಲನೆಯ ವಾರದಲ್ಲಿ ತೆರಲೇಬೇಕಾದ ಬಾಡಿಗೆಯು ಮನೆಯ ವೆಚ್ಚಕ್ಕೆ ಹಾಕುವ ಕಟ್ಟುಪಾಡು ಸಾಮಾನ್ಯವಾದುದಲ್ಲ. ಹಾಗಿದ್ದೂ ಭೋಗ್ಯವೇ ಬೇಕೆನ್ನುವವರು ಮೂಲಪತ್ರವನ್ನು ಕಣ್ಣಾರೆ ಕಂಡು, ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯಿಯ ದಾಖಲೆಯಲ್ಲಿ ಹುಡುಕಿಸಿ, ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಹಣವನ್ನು ಚೆಕ್ಕಿನ ಮೂಲಕವೇ ಕೊಡಲಿ. ಮುದ್ರಾಂಕಶುಲ್ಕದ ಖರ್ಚಿಗೆ ಹಿಂದೆಗೆಯುವ ಯಜಮಾನನಿದ್ದರೆ ಅಲ್ಲಿಗೇ ಕೈಮುಗಿದು ಬರಲಿ. ಮನೆ ನೋಡಲು ಹೋದಾಗ ಅಡಿಗೆಮನೆಯ ನಲ್ಲಿಯನ್ನು ತಿರುಗಿಸಿ ನೀರು ಬರುತ್ತದೆಯೆ ಎಂದು ಪರೀಕ್ಷಿಸುವುದಕ್ಕೆ ನಮಗೆ ಯಾವ ಸಂಕೋಚವೂ ಇಲ್ಲ; ಪತ್ರ ಕೇಳುವುದಕ್ಕೆ ಮಾತ್ರ ದಾಕ್ಷಿಣ್ಯ ಅಡ್ಡಬರುತ್ತದೆ. ತಿಂಗಳಿಗೆ 8,000 ತೆತ್ತು ನಾನು ಆ ದಾಕ್ಷಿಣ್ಯದಿಂದ ಬಿಡುಗಡೆ ಪಡೆದಿದ್ದೇನೆ. ನಿಮಗೆ ಕೇಳುವ ಧೈರ್ಯವಿದ್ದರೆ ಆ ಬಿಡುಗಡೆ ಪುಕ್ಕಟೆಯಾಗಿಯೇ ದೊರೆಯುತ್ತದೆ.